ಡೇರೆ ಹೊಲಿಯುವವರ ಬೀದಿ

"ಅಕ್ಕೀ... ಸಿರುಗುಪ್ಪದ ಅಕ್ಕೀ..."

ಕೂಗು ಕಿವಿಗೆ ಬಿದ್ದದ್ದೇ ತಡ, ಪಾಟಿ ಕೋಲೂರಿಕೊಂಡು ಜಗಲಿಗೆ ಬಂದಳು. ತಮಿಳರ ಮನೆಯಲ್ಲಿ ಅಜ್ಜಿ ಅಂದರೆ ಪಾಟಿ. ಈ ಪಾಟಿಗೆ ಕಿವಿ ಮಂದ, ಬಾಯಿ ಚುರುಕು.

"ಯಾರಪ್ಪಾ ಅದು? ಅಕ್ಕಾ ಅಂತ ಯಾರ್ನ ಕರೀತಿ? ನನ್ನ ವಯಸ್ಸೇನು, ನಿನ್ನ ವಯಸ್ಸೇನು, ತಂಬಿ?"

ಗಾಡಿಯವನು ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ. "ನಿಮ್ಮನ್ನ ಕರೀಲಿಲ್ಲರೀ ಅಜ್ಜಿ. ಅಕ್ಕಿ ಅಂದೆ, ಅಕ್ಕಿ! ಉಣ್ಣೋ ಅಕ್ಕಿ!"

"ಮತ್ತ ಅಕ್ಕಾ ಅಕ್ಕಾ ಅಂತಾನ ನೋಡು!"

ಒಳಗೆ, ಹರವಿದ ಡೇರೆ ಬಟ್ಟೆಯ ನಡುವೆ ದಬ್ಬಳ ಹಿಡಿದು ಕೂತಿದ್ದ ದೈವಾನೆಗೆ ನಗು ತಡೆಯಲಾಗಲಿಲ್ಲ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ನೂಲು ಜಾರಿ ಬಿತ್ತು. ನಗು ಎಲ್ಲಿಂದ ಬಂತೆಂದು ಗಾಡಿಯವನು ಬಗ್ಗಿ ನೋಡಿದ. ಬಿಳಿ ಬಟ್ಟೆಯ ರಾಶಿಯ ಮೇಲೆ ಎರಡು ಕಣ್ಣು ಮಾತ್ರ ಕಂಡವು. ಅವೂ ನೀರು ಬರುವಷ್ಟು ನಗುತ್ತಿದ್ದವು.

ಅವನು ಹೇಳಬೇಕಾದ ಧಾರಣೆಯನ್ನೇ ಮರೆತ.

ಇಂಗ್ಲಿಷರ ಲೆಕ್ಕದಲ್ಲಿ ಅದು ಹದಿನೆಂಟುನೂರ ತೊಂಬತ್ತೆಂಟನೆಯ ಇಸವಿಯ ಶ್ರಾವಣ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅಂಥ ನಗು ಮತ್ತೆ ಕೇಳಿಬರಲು ಬಹಳ ಕಾಲ ಹಿಡಿಯಿತು.

*

ಕೌಲ್ ಬಜಾರು ಬಂದವರ ಪೇಟೆ. ದಂಡಿನ ಬೆನ್ನು ಹತ್ತಿ ಆರ್ಕಾಟಿನ ಕಡೆಯಿಂದ ಮೊದಲಿಯಾರರು ಬಂದರು, ಕಡಪದ ಕಡೆಯಿಂದ ತೆಲುಗರು, ನಿಜಾಮರ ಸೀಮೆಯಿಂದ ಸಾಬರು. ಒಂದೇ ಬಾವಿಯ ಸುತ್ತ ನಾಲ್ಕು ಭಾಷೆಯಲ್ಲಿ ಜಗಳ ನಡೆಯುತ್ತಿತ್ತು, ನಾಲ್ಕು ಭಾಷೆಯಲ್ಲೂ ರಾಜಿಯಾಗುತ್ತಿತ್ತು. ದೈವಾನೆಯ ಅಪ್ಪ ಆರ್ಮುಗ ಮೊದಲಿಯಾರ್ ಪಲ್ಟಣಕ್ಕೆ ಡೇರೆ ಹೊಲಿದು ಕೊಡುತ್ತಿದ್ದ. ತಾಯಿಯಿಲ್ಲದ ಮಗಳಿಗೂ ಅದೇ ಕೆಲಸ ಕೈಗೆ ಹತ್ತಿತ್ತು.

ಜೋಳದ ಸೀಮೆಗೆ ಬಂದು ಎಷ್ಟು ವರ್ಷವಾದರೂ ಪಾಟಿ ಮಾತ್ರ ರೊಟ್ಟಿ ಮುಟ್ಟಿದವಳಲ್ಲ. ಹೀಗಾಗಿ ಅಕ್ಕಿಯ ಗಾಡಿ ಆ ಬಾಗಿಲಿಗೆ ಬರಲೇಬೇಕಾಗಿತ್ತು. ಗಾಡಿಯವನ ಹೆಸರು ಗಾದೆಪ್ಪ. ಊರು ಕುರುಗೋಡು. ಸಿರುಗುಪ್ಪದಲ್ಲಿ ಅಕ್ಕಿ ತುಂಬಿಕೊಂಡು, ಊರಲ್ಲಿ ಒಂದು ರಾತ್ರಿ ತಂಗಿ, ಬಳ್ಳಾರಿಗೆ ಬರುತ್ತಿದ್ದ. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವನು ವಾರಕ್ಕೊಮ್ಮೆ ಬರತೊಡಗಿದ.

"ನಮ್ಮ ಮನ್ಯಾಗ ಇರೋರು ಮೂರೇ ಮಂದಿ. ವಾರಕ್ಕೊಂದು ಚೀಲ ಅಕ್ಕಿ ತಂದ್ರ ಯಾರು ಉಣ್ಣಬೇಕರಿ?" ಅಂದಳು ದೈವಾನೆ.

"ಉಣ್ರಿ ಅಂತ ಯಾರಂದ್ರು? ನೋಡ್ರಿ, ವಾಪಸ್ ಕಳಸ್ರಿ. ಮುಂದಿನ ವಾರ ಮತ್ತ ತರ್ತೀನಿ."

"ಎತ್ತುಗಳ ಗತಿ?"

"ಅವಕ್ಕೂ ಈ ಬೀದಿ ಹಿಡಿಸೈತಿ. ಬಿಟ್ರ ತಾವ ಬಂದು ನಿಮ್ಮ ಬಾಗಿಲಿಗೆ ನಿಲ್ತಾವ. ಏನು ಮಾಡ್ಲಿ, ದೇವಾನಿ?"

ಅವನ ಬಾಯಲ್ಲಿ ಅವಳ ಹೆಸರು ದೇವಾನಿ ಆಗಿತ್ತು. ಅವಳು ತಿದ್ದಲಿಲ್ಲ. ತಿದ್ದಿದರೆ ಮತ್ತೆ ಹಾಗೆ ಕರೆಯಲಾರ ಎನ್ನಿಸಿತು. ಅವನು ಚೀಲ ಇಳಿಸಿ, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಳ್ಳುವಾಗ, ವಲ್ಲಿಯ ಅಂಚಿನಿಂದಲೇ ಒಮ್ಮೆ ನೋಡುತ್ತಿದ್ದ. ಅವಳು ಹೊಲಿಗೆಯ ಕಡೆ ತಲೆ ಬಗ್ಗಿಸುತ್ತಿದ್ದಳು. ಆ ವಾರ ಹಾಕಿದ ಹೊಲಿಗೆ ಸೊಟ್ಟಗಾಗಿದ್ದರೆ ಅಪ್ಪನಿಗೆ ಕಾರಣ ಗೊತ್ತಾಗುತ್ತಿರಲಿಲ್ಲ.

ಪಾಟಿಗೆ ಗೊತ್ತಾಗುತ್ತಿತ್ತು. ಒಂದು ದಿನ ಗಾದೆಪ್ಪನನ್ನು ಜಗಲಿಯ ಮೇಲೆ ಕೂಡಿಸಿಕೊಂಡು ತಾವು ಬಂದ ಕಥೆ ಹೇಳಿದಳು.

"ನಡಕೊಂಡೇ ಬಂದ್ವಿ ತಂಬಿ. ಮುಂದ ಪಲ್ಟಣ, ಹಿಂದ ನಾವು. ನನ್ನ ಮೊದಲ್ನೇ ಕೂಸು ದಾರ್ಯಾಗ ಹೋತು. ಗುತ್ತಿ ಹತ್ರ ಒಂದು ಬೇವಿನ ಗಿಡದ ಬುಡಕ್ಕ ಇಟ್ಟು, ಹಂಗ ನಡದ್ವಿ. ಪಲ್ಟಣ ನಿಲ್ಲೋದಿಲ್ಲಲ್ಲ? ಇಲ್ಲಿಗೆ ಬಂದ ಮ್ಯಾಲೆ ಸರ್ಕಾರದೋರು ಕೌಲು ಕೊಟ್ರು. ಮನಿ ಕಟ್ಕೊಳ್ರಿ, ಇನ್ನ ನಿಮ್ಮನ್ನ ಯಾರೂ ಎಬ್ಬಸಲ್ಲ ಅಂತ ಮಾತು ಕೊಟ್ರು. ಅದಕ್ಕ ಇದು ಕೌಲ್ ಬಜಾರು."

ಹೆಸರಿನ ಕಥೆಯನ್ನು ಬೀದಿಯ ಆ ಕಡೆಯವರು ಬೇರೆ ಥರ ಹೇಳುತ್ತಿದ್ದರು. ಪಾಟಿ ಅದನ್ನು ಒಪ್ಪುತ್ತಿರಲಿಲ್ಲ.

"ಒಮ್ಮೆ ಬೇರು ಕಿತ್ತು ಬಂದೋಳು ನಾನು," ಅಂದಳು, ಮೊಮ್ಮಗಳ ಕಡೆ ನೋಡದೆ. "ಇನ್ನೊಂದು ಊರಿಗೆ ನನ್ನ ಹುಡುಗೀನ ಕಳಸಂಗಿಲ್ಲ. ತಿಳೀತಾ?"

ಗಾದೆಪ್ಪ ತಲೆಯಾಡಿಸಿದ. ಜಾತಿ ಬೇರೆ, ಭಾಷೆ ಬೇರೆ, ಈಗ ಊರೂ ಬೇರೆ. ಆ ದಿನ ಅವನು ಅಕ್ಕಿ ಇಳಿಸಿ, ವಲ್ಲಿಯ ಅಂಚಿನಿಂದ ನೋಡದೆಯೇ ಹೊರಟುಹೋದ. ದೈವಾನೆ ಗಾಡಿಯ ಧೂಳು ಅಡಗುವವರೆಗೂ ಬಾಗಿಲಲ್ಲೇ ನಿಂತಿದ್ದಳು.

*

ದೀಪಾವಳಿ ಕಳೆದ ಮೇಲೆ ಸರ್ಕಾರದವರಿಂದ ಡೇರೆಗೆ ಬೇಡಿಕೆ ಬಂತು. ಹಿಂದೆಂದೂ ಬಾರದಷ್ಟು ದೊಡ್ಡ ಬೇಡಿಕೆ. ಇಡೀ ಬೀದಿಗೆ ಹಂಚಿದರೂ ಮುಗಿಯದಷ್ಟು ಕೆಲಸ. ಆರ್ಮುಗ ಮೊದಲಿಯಾರ್ ಖುಷಿಯಿಂದ ಹೊಸ ನೂಲುಂಡೆಗಳನ್ನು ತಂದ.

"ಯಾವ ಪಲ್ಟಣ ಬರಾಕತ್ತೈತಿ ಅಪ್ಪಾ?"

"ಹೇಳಲಿಲ್ಲಮ್ಮ. ಬೇಗ ಬೇಕು ಅಂದ್ರು ಅಷ್ಟೆ."

ಅಳತೆ ನೋಡಿದಾಗ ದೈವಾನೆಯ ಕೈ ನಿಧಾನವಾಯಿತು. ಎಲ್ಲ ಸಣ್ಣ ಸಣ್ಣ ಡೇರೆ. ಕಿಟಕಿಯ ಪಟ್ಟಿ ಬೇಡ, ಮುಂದಿನ ನೆರಳು ಬೇಡ, ಒಳಗಿನ ಅಸ್ತರು ಬೇಡ. ಸಾಹೇಬರು ಇಂಥದ್ದರಲ್ಲಿ ಮಲಗುವವರಲ್ಲ. ಸಿಪಾಯಿಗಳೂ ಮಲಗುವವರಲ್ಲ.

ಗಾದೆಪ್ಪ ಆ ವಾರ ಬಂದಾಗ ಒಟ್ಟಿದ ಡೇರೆಗಳನ್ನು ನೋಡಿ ಚೀಲವನ್ನು ಹೆಗಲ ಮೇಲೆ ಹೊತ್ತೇ ನಿಂತುಬಿಟ್ಟ.

"ಇಂಥಾವನ್ನ ನಾ ನೋಡೀನಿ," ಅಂದ ಮೆಲ್ಲಗೆ. "ಸಿರುಗುಪ್ಪದ ಹೊಳಿ ಆಚೀಗೆ. ಊರು ಖಾಲಿ ಇತ್ತು. ಹೊಲದಾಗ ಇಂಥಾ ಡೇರೆ ಹೊಡದಿದ್ರು."

"ಒಳಗ ಯಾರಿದ್ರು?"

ಅವನು ಚೀಲ ಇಳಿಸಿ, ಪಾಟಿಯ ಕಡೆ ನೋಡಿ, ಮತ್ತೆ ಅವಳ ಕಡೆ ನೋಡಿದ. ಕಣ್ಣಲ್ಲಿ ತುಂಟತನವಿರಲಿಲ್ಲ. "ಮನ್ಯಾಗ ಇಲಿ ಸತ್ರ ಕೈಲೆ ಮುಟ್ಟಬ್ಯಾಡ, ದೇವಾನಿ. ನನ್ನಾಣಿ ಐತಿ."

ನನ್ನಾಣೆ ಅಂದ. ಆ ಮಾತಿನ ಸವಿಯನ್ನು ಅನುಭವಿಸಲು ಅವಳಿಗೆ ಪುರಸೊತ್ತೇ ಸಿಗಲಿಲ್ಲ.

ಮೊದಲ ಇಲಿ ಎದುರು ಮನೆಯ ಸೂರಿನಿಂದ ಬಿತ್ತು. ತರಕಾರಿ ಮಾರುವ ಸುಂಕಲಮ್ಮನ ಮನೆ ಅದು. ಇಲಿ ಓಡಲಿಲ್ಲ. ಹಾಡುಹಗಲೇ ಅಂಗಳದ ನಡುವೆ ಕುಡಿದವರ ಹಾಗೆ ತೂರಾಡಿ, ಸುತ್ತು ಹಾಕಿ, ಮಗ್ಗುಲಾಯಿತು. ಸುಂಕಲಮ್ಮ ಬಾಲ ಹಿಡಿದು ಬೀದಿಗೆ ಎಸೆದಳು. ಆ ವಾರದ ಸಂತೆಗೆ ಅವಳು ಹೋಗಲಿಲ್ಲ. ಅವಳ ಬಾಗಿಲ ಮೇಲೆ ಸರ್ಕಾರದವರು ಕೆಂಪು ಬಣ್ಣದ ಗುರುತು ಬಳಿದು ಹೋದರು.

ಗಡ್ಡಿ ಬೇನೆ, ಸರ್ಕಾರದವರ ಬಾಯಲ್ಲಿ ಪ್ಲೇಗು. ಬಾವಿಯ ಹತ್ತಿರ ನಾಲ್ಕೂ ಭಾಷೆಯವರು ಅದನ್ನು ಪಿಸುಮಾತಿನಲ್ಲಿ ಹೇಳಿದರು. ಜಗಳಗಳು ನಿಂತವು. ಬಾವಿಯ ರಾಟೆಯ ಕಿರುಗುಟ್ಟುವ ಸದ್ದು ಬೀದಿಯ ಕೊನೆಗೂ ಕೇಳಿಸತೊಡಗಿತು.

ಆಮೇಲೆ ಡಂಗುರ ಬಂತು. ಬೀದಿ ಖಾಲಿ ಮಾಡಬೇಕು. ಹೆಂಚು ತೆಗೆದು ಮನೆಗೆ ಬಿಸಿಲು ಕಾಣಿಸಬೇಕು. ಎಲ್ಲರೂ ಸಂಗನಕಲ್ಲಿನ ದಿಕ್ಕಿನ ಬಯಲಿಗೆ ಹೋಗಬೇಕು. ಅಲ್ಲಿ ಡೇರೆ ಹೊಡೆದಿದೆ.

ಆರ್ಮುಗ ಮೊದಲಿಯಾರ್ ತನ್ನ ಕೈಗಳನ್ನೇ ನೋಡಿಕೊಂಡ. "ನಮಗೇ ಹೊಲಿದ್ವೇನಮ್ಮಾ?" ಅಂದ.

ಪಾಟಿ ಬೆಳಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು.

*

ಅದೇ ದಿನ ಗಾದೆಪ್ಪ ಖಾಲಿ ಗಾಡಿ ಹೊಡೆದುಕೊಂಡು ಬಂದ. ಎತ್ತುಗಳ ಬಾಯಲ್ಲಿ ನೊರೆ ಇತ್ತು.

"ಮೊದಲ್ಯಾರ್ರೇ, ಹೊಂಡ್ರಿ. ಕುರುಗೋಡಿಗೆ ಹೋಗೋಣು. ಊರ ಹೊರಗ ನಮ್ಮ ಹೊಲದಾಗ ಒಂದು ಗುಡಿಸಲೈತಿ, ಯಾರಿಗೂ ತಿಳಿಯಂಗಿಲ್ಲ. ಹಾದಿ ಇನ್ನೂ ಕಟ್ಟಿಲ್ಲ." ಹೇಳುತ್ತಲೇ ಒಳಗೆ ನುಗ್ಗಿದ. "ಅಜ್ಜೀನ ನಾ ಎತ್ಕೊಂತೀನಿ."

"ಮುಟ್ಟಬ್ಯಾಡ್ರಿ!"

ದೈವಾನೆ ಕೂಗಿದ ರಭಸಕ್ಕೆ ಅವನು ಬಾಗಿದವನು ಹಾಗೇ ನಿಂತ. ಅವಳು ಅವನಿಗೂ ಪಾಟಿಗೂ ನಡುವೆ ಬಂದು ಕೈ ಅಡ್ಡ ಹಿಡಿದಳು. ಎಂದೂ ಇಷ್ಟು ಹತ್ತಿರ ನಿಂತವರಲ್ಲ ಅವರು. ಅವನ ಉಸಿರಿನ ಬಿಸಿ ಅವಳ ಹಣೆಗೆ ತಾಗುತ್ತಿತ್ತು.

"ಮುಂಜಾನಿ ಸ್ನಾನ ಮಾಡಸ್ವಾಗ ನೋಡ್ದೆ. ಕಂಕುಳಾಗ ಗಂಟು ಐತಿ. ಅಪ್ಪಾಗೂ ಹೇಳಿಲ್ಲ."

ಹಿಂದೆ ಅಪ್ಪ ಗೋಡೆ ಹಿಡಿದು ಕುಸಿದು ಕೂತ ಸದ್ದಾಯಿತು.

"ಅಜ್ಜೀನ ಬಿಟ್ಟು..." ಎಂದು ಶುರು ಮಾಡಿದ ಗಾದೆಪ್ಪ, ಮುಗಿಸಲಿಲ್ಲ. ನಾಚಿ ತಲೆ ತಗ್ಗಿಸಿದ.

"ನಾನೂ ಬರಂಗಿಲ್ಲ. ಅಕೀನ ಮುಟ್ಟೀನಿ. ನಿಮ್ಮೂರಾಗ ನಿಮ್ಮಕ್ಕ ಅದಾಳ, ಅಕಿ ಮಕ್ಕಳದಾವ ಅಂದಿದ್ರಲ್ಲ? ಹೋಗ್ರಿ. ನನ್ನ ಮ್ಯಾಲೆ ಏನರ ಇದ್ರ, ಈಗ ಹೋಗ್ರಿ."

"ಏನರ ಇದ್ರ?" ಅವನ ದನಿ ಒಡೆಯಿತು. "ಏನೈತಿ ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತಿ. ಅದಕ್ಕ ಹೋಗ್ರಿ ಅಂದೆ."

ಅವನು ಹೋದ.

*

ಬಯಲಿನಲ್ಲಿ ಸಾಲುಸಾಲು ಬಿಳಿ ಡೇರೆ. ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ದೂರಕ್ಕೆ ಬಳ್ಳಾರಿ ಗುಡ್ಡ ಬಿಸಿಲಿನಲ್ಲಿ ನಡುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಡೇರೆಯೊಳಗೆ ಉಸಿರು ಕಟ್ಟುತ್ತಿತ್ತು. ಕಿಟಕಿ ಯಾಕಿಡಲಿಲ್ಲ ನಾನು ಎಂದು ದೈವಾನೆ ತನ್ನನ್ನೇ ಕೇಳಿಕೊಂಡಳು. ಪಾಟಿ ಜ್ವರದಲ್ಲಿ ಆರ್ಕಾಟಿನ ಕೆರೆಯೊಂದರ ಹೆಸರು ಕರೆಯುತ್ತಿದ್ದಳು.

ಮಾರನೆಯ ಬೆಳಿಗ್ಗೆ ಹಗ್ಗದ ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ಗಾಡಿ ನಿಂತಿತ್ತು.

"ಹೋಗ್ರಿ ಅಂದಿದ್ದೆ!" ಅವಳು ಕೂಗಿದಳು.

"ಹೋಗಿದ್ದೆ!" ಅವನೂ ಕೂಗಿದ. "ಊರ ಹಾದೀಗೆ ಜಾಲಿ ಮುಳ್ಳು ಹಚ್ಚ್ಯಾರ. ಕೌಲ್ ಬಜಾರಕ್ಕ ಹೋಗಿದ್ಯಾ ಅಂತ ಕೇಳಿದ್ರು, ಹೂಂ ಅಂದೆ. ನಮ್ಮಕ್ಕ ಮುಳ್ಳಿನ ಆಚೀಗೆ ನಿಂತು ಅತ್ಲು. ರೊಟ್ಟಿ ಗಂಟು ಎಸೆದ್ಲು. ಒಳಗ ಕರೀಲಿಲ್ಲ."

"ಸುಳ್ಳು ಹೇಳಬಾರದಿತ್ತೇನು?"

"ಹೇಳಬಹುದಿತ್ತು. ಮನಸ್ಸಾಗ್ಲಿಲ್ಲ. ಗಂಜಿ ಕುಡದ್ಯಾ?"

ಹೀಗೆ ಅವರ ಮಾತು ಬೆಳೆಯಿತು. ಅವನು ಅಕ್ಕಿ ತಂದು ಹಗ್ಗದ ಬಳಿ ಇಟ್ಟು ಹಿಂದೆ ಸರಿಯುವನು, ಅವಳು ಬಂದು ಎತ್ತಿಕೊಳ್ಳುವಳು. ಎದುರುಬದುರಾಗಿ ನಿಂತಾಗ ಇಬ್ಬರ ನಡುವೆ ಬರಿಯ ಗಾಳಿ ಮತ್ತು ಹೊಗೆ. ಮುಖ ಸರಿಯಾಗಿ ಕಾಣದ ದೂರದಲ್ಲಿ, ಅವನು ವಲ್ಲಿ ಎತ್ತಿ ಮುಖ ಒರೆಸಿಕೊಂಡರೆ ಅವಳಿಗೆ ಅವನ ಕಣ್ಣು ಕಾಣುತ್ತಿತ್ತು. ಪಕ್ಕದ ಡೇರೆಗಳಿಂದ ಹೆಣ ಹೊರಬೀಳುತ್ತಿದ್ದ ದಿನಗಳಲ್ಲೇ ಅವಳು ನಾಚುವುದನ್ನು ಕಲಿತಳು. ಅದಕ್ಕಾಗಿ ತನ್ನ ಮೇಲೆ ತಾನೇ ಸಿಟ್ಟಾದಳು.

ಪಾಟಿ ಒಂದು ಬೆಳಿಗ್ಗೆ ಕಣ್ಣು ತೆರೆಯಲಿಲ್ಲ.

ಬಯಲಿನಲ್ಲಿ ಸೌದೆ ಮುಗಿದಿತ್ತು. ಸುಣ್ಣ ಸುರಿದು ಗುಂಡಿಗೆ ಹಾಕುತ್ತೇವೆ ಅಂದರು. ಆರ್ಮುಗ ಮೊದಲಿಯಾರ್ ತಾಯಿಯ ಪಾದ ಹಿಡಿದು, ಬಿಡಲಾರೆ ಅಂತ ಕೂತುಬಿಟ್ಟ. ಆಗ ಹಗ್ಗದ ಆಚೆಯಿಂದ ಕೊಡಲಿಯ ಸದ್ದು ಬಂತು. ಗಾದೆಪ್ಪ ತನ್ನ ಗಾಡಿಯ ಅಕ್ಕಪಕ್ಕದ ಹಲಗೆಗಳನ್ನು, ತಳದ ಮರವನ್ನು, ನೊಗವನ್ನೂ ಕಡಿದು ರಾಶಿ ಹಾಕುತ್ತಿದ್ದ. ಅವನ ಅಪ್ಪ ಮಾಡಿಸಿದ ತೇಗದ ಗಾಡಿ ಅದು. ಉಳಿದದ್ದು ಎರಡು ಗಾಲಿ, ಒಂದು ಅಚ್ಚು.

ಮೊದಲಿಯಾರ್ ತಲೆಯೆತ್ತಿ ನೋಡಿದ. ಕೈ ಮುಗಿದ.

*

ಗಾಡಿಯ ನೆರಳೂ ಇಲ್ಲದೆ ಗಾದೆಪ್ಪ ಬಂಡೆಯೊಂದರ ಮಗ್ಗುಲಲ್ಲಿ ಉಳಿದ. ಒಂದು ಮುಂಜಾನೆ ದೈವಾನೆ ಹಗ್ಗದ ಬಳಿಗೆ ಬಂದಾಗ ಅವನು ಎದ್ದು ನಿಲ್ಲಲಿಲ್ಲ. ಎತ್ತುಗಳು ಅವನ ಸುತ್ತ ತಲೆ ತಗ್ಗಿಸಿ ನಿಂತಿದ್ದವು.

"ಗಾದೆಪ್ಪಾ!" ಮೊದಲ ಸಲ ಬರಿಯ ಹೆಸರು ಹಿಡಿದು ಕರೆದಳು. "ಏಳೋ!"

ಅವನು ಏಳಲಿಲ್ಲ. ಅವಳು ಹಗ್ಗ ದಾಟಿದಳು. ಕಾವಲಿನ ಪೊಲೀಸಿನವನು ಕೂಗುತ್ತಲೇ ಇದ್ದ. ಗಾದೆಪ್ಪನ ಮೈ ಕಾದ ಹೆಂಚಿನಂತಿತ್ತು. ತೊಡೆಯ ಸಂದಿಯಲ್ಲಿ ಗಂಟೆದ್ದಿತ್ತು.

"ಮುಟ್ಟಬ್ಯಾಡ," ಅಂದ, ಕಣ್ಣು ಮುಚ್ಚಿಕೊಂಡೇ.

"ಸುಮ್ನಿರು."

ಡಾಕ್ಟರು ಬಂದರು. ಮದರಾಸಿನ ಕಡೆಯವರು, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ದಿಕ್ಕಿಲ್ಲದ ರೋಗಿಗಳಿಗೆ ಆಚೆ ತುದಿಯಲ್ಲಿ ಒಂದು ಉದ್ದನೆಯ ಗುಡಿಸಲಿತ್ತು. ಅಲ್ಲಿಗೆ ಒಯ್ದವರನ್ನು ಯಾರೂ ಮತ್ತೆ ನೋಡಿರಲಿಲ್ಲ.

"ರೋಗಿಯ ಹತ್ತಿರ ಮನೆಯವರು ಮಾತ್ರ ಇರಬಹುದು," ಅಂದರು ಡಾಕ್ಟರು. "ನೀನು ಇವನಿಗೆ ಏನಾಗಬೇಕು?"

ಅಷ್ಟು ಹೊತ್ತಿಗೆ ಹಗ್ಗದ ಉದ್ದಕ್ಕೂ ಬೀದಿಗೆ ಬೀದಿಯೇ ಬಂದು ನಿಂತಿತ್ತು. ಮೊದಲಿಯಾರರ ಹಿರಿಯರು, ಬಾವಿಕಟ್ಟೆಯ ಹೆಂಗಸರು, ಅವಳನ್ನು ಎತ್ತಿ ಆಡಿಸಿದವರು. ಮುಂದೆ ಅಪ್ಪ.

"ಹೆಂಡ್ತಿ," ಅಂದಳು ದೈವಾನೆ.

ಯಾರೋ ಉಸಿರು ಎಳೆದುಕೊಂಡರು. ಡಾಕ್ಟರು ಅವಳ ಬರಿಗೊರಳು ನೋಡಿದರು, ಆಮೇಲೆ ಅಪ್ಪನ ಕಡೆ ತಿರುಗಿದರು. "ನಿಜವೇ?"

ಆರ್ಮುಗ ಮೊದಲಿಯಾರ್ ತನ್ನ ಕುಲದವರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲಿಯೂ ನಿಲ್ಲದೆ ಅವನ ಕಣ್ಣು ಮಗಳ ಮುಖಕ್ಕೆ ಬಂದು ನಿಂತಿತು.

"ಹೌದು," ಅಂದ. "ನನ್ನ ಅಳಿಯ. ನನ್ನ ಡೇರೆಗೆ ತರ್ರಿ."

*

ಆ ದಿನಗಳನ್ನು ದೈವಾನೆ ಆಮೇಲೆ ಯಾರಿಗೂ ಹೇಳಲಿಲ್ಲ. ಒದ್ದೆ ಬಟ್ಟೆ, ಗಂಜಿ ನೀರು, ಅವನ ತೊದಲು. ದಬ್ಬಳದಿಂದ ಡೇರೆಯ ಮಗ್ಗುಲನ್ನು ಹರಿದು ಗಾಳಿ ಬಿಟ್ಟಳು. ಗಂಟು ಒಡೆದು ಕೀವು ಹರಿದ ದಿನ ಡಾಕ್ಟರು ಮೊದಲ ಸಲ ಕೂತು ಮಾತಾಡಿದರು. ಗಂಟು ಒಡೆದವರಲ್ಲಿ ಕೆಲವರು ಉಳಿಯುತ್ತಾರೆ ಅಂದರು. ಅವನು ಉಳಿದ. ಎಡಗಾಲು ಮಾತ್ರ ಕೊನೆಯವರೆಗೂ ಸ್ವಲ್ಪ ಎಳೆಯಿತು.

ಬಿಸಿಲು ಬಲಿತ ಮೇಲೆ ಬೇನೆ ಇಳಿಯಿತು, ಹಗ್ಗ ಬಿಚ್ಚಿದರು. ಕೆಲವು ಮನೆಯವರು ಆರ್ಕಾಟಿನ ರೈಲು ಹತ್ತಿದರು. ಕೆಲವು ಮನೆಯಿಂದ ರೈಲು ಹತ್ತಲೂ ಯಾರೂ ಉಳಿದಿರಲಿಲ್ಲ. ಬಯಲಿನಲ್ಲೇ, ಪಾಟಿಯನ್ನು ಸುಟ್ಟ ಜಾಗಕ್ಕೆ ಕೈ ಮುಗಿದು, ಅಪ್ಪ ಮಗಳಿಗೆ ಅರಿಶಿನದ ಕೊಂಬು ಕಟ್ಟಿಸಿದ. ಕುಲದವರು ಬರಲಿಲ್ಲ. ಡಾಕ್ಟರು ಬಂದಿದ್ದರು.

ಬೆಳಗಿನ ಹೊತ್ತಿಗೆ ಮೂವರೂ ಕೌಲ್ ಬಜಾರಿಗೆ ಮರಳಿದರು. ಹೆಂಚಿಲ್ಲದ ಮನೆ. ಗೋಡೆಗೆಲ್ಲ ಸುಣ್ಣ. ನಡುಮನೆಯಲ್ಲಿ ಬಿಸಿಲು ಚೌಕಾಕಾರವಾಗಿ ಬಿದ್ದಿತ್ತು. ಎದುರಿನ ಬಾಗಿಲ ಕೆಂಪು ಗುರುತು ಹಾಗೇ ಇತ್ತು. ಅಪ್ಪ ಹೆಂಚು ಹುಡುಕಲು ಹಿತ್ತಲಿಗೆ ಹೋದ. ಗಾದೆಪ್ಪ ಗೋಡೆಗೊರಗಿ ಕೂತು ಮೇಲಿನ ಬಟ್ಟಬಯಲು ಆಕಾಶ ನೋಡಿದ.

"ಆವತ್ತು ಡಾಕ್ಟ್ರ ಮುಂದ ಏನೋ ಅಂದೆಲ್ಲ," ಅಂದ. "ಜ್ವರದಾಗ ಸರಿಯಾಗಿ ಕೇಳ್ಸಲಿಲ್ಲ ನನಗ."

"ಸುಳ್ಳು. ಕೇಳ್ಸೈತಿ."

"ಅರ್ಧ ಕೇಳ್ಸಿತು. ಇನ್ನೊಮ್ಮೆ ಹೇಳು."

ಅವಳು ಕಸಬರಿಗೆ ಕೆಳಗಿಟ್ಟಳು. ಹೊಲಿಗೆಯಿಲ್ಲ, ಬಟ್ಟೆಯ ರಾಶಿಯಿಲ್ಲ, ಮುಖ ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಅವನ ಎದುರಿಗೆ ಬಂದು ಕೂತಳು. ಕಣ್ಣು ತಗ್ಗಿಸಲಿಲ್ಲ.

ಇನ್ನೊಮ್ಮೆ ಹೇಳಿದಳು.