ತಿಳಿಯಾದ ಗಾಜು

ಕಸ್ತೂರಿಯ ಹಣೆಗೆ ಯಂತ್ರದ ಪಟ್ಟಿ ಬಿಗಿದದ್ದೇ ತಡ, ಎದುರಿನ ಗಾಜಿನಲ್ಲಿ ಅವಳ ಸತ್ತ ಅಕ್ಕನ ಮುಖ ಮೂಡಿತು. ಡಾಕ್ಟರ್ ವತ್ಸಲಾ ಕಟಗೇರಿ ತಡವಾಗಿ ಬಂದರೆಂದು ಕಸ್ತೂರಿ ಕಿಡಿಕಿಡಿಯಾಗಿದ್ದಳು.

"ಈ ಸಿಟ್ಟು ನನ್ನ ಮ್ಯಾಲಿಂದಲ್ಲ ತಂಗಿ, ಬಿಟ್ಟುಹೋದ ನಿಮ್ಮಕ್ಕನ ಮ್ಯಾಲಿಂದು," ಎಂದರು ವತ್ಸಲಾ.

ಧಾರವಾಡದ ಆ ಮನೋಚಿಕಿತ್ಸಾಲಯಕ್ಕೆ ಭಾವಮೂಲದರ್ಶಕ ಎಂಬ ಈ ಯಂತ್ರ ಬಂದು ವರ್ಷವಾಗಿತ್ತು. ರೋಗಿಯು ವೈದ್ಯರ ಮೇಲೆ ತೋರುವ ಪ್ರೀತಿ, ಕೋಪ ಎಷ್ಟೋ ಸಲ ಇನ್ಯಾರಿಗೋ ಸೇರಿದ್ದು; ಅದಕ್ಕೆ ಭಾವವರ್ಗಾವಣೆ ಎಂದು ಹೆಸರು. ಭಾವ ಏಳುವಾಗ ಮಿದುಳಿನಲ್ಲಿ ಯಾರ ನೆನಪು ಜೊತೆಗೆ ಎಚ್ಚರಗೊಳ್ಳುತ್ತದೋ ಅವರ ಮುಖವನ್ನು ಯಂತ್ರ ಗಾಜಿನ ಮೇಲೆ ಬಿಡಿಸುತ್ತಿತ್ತು. ಭಾವ ನಿಜವಾಗಿ ಎದುರಿಗಿದ್ದವರ ಮೇಲಿನದೇ ಆದರೆ ಗಾಜು ತಿಳಿಯಾಗಿ ಉಳಿಯುತ್ತಿತ್ತು. ಹಾಗೆ ಉಳಿದ ದಿನ ಚಿಕಿತ್ಸೆ ಮುಗಿದಂತೆ.

ಅಕ್ಕ ಗಂಗವ್ವ ತೀರಿಕೊಂಡಾಗ, ಕೂಸು ತಬ್ಬಲಿಯಾಗಬಾರದೆಂದು ಹಿರಿಯರು ಕಸ್ತೂರಿಯನ್ನು ಅಕ್ಕನ ಗಂಡನಿಗೇ ಕೊಟ್ಟು ಕೈತೊಳೆದುಕೊಂಡಿದ್ದರು. ಉಟ್ಟದ್ದು ಅಕ್ಕನ ಸೀರೆ, ಮಲಗಿದ್ದು ಅಕ್ಕನ ಮಂಚ. ಗಂಡ ಇಂದಿಗೂ ಕರೆಯುವುದು "ಗಂಗಾ" ಎಂದೇ. ತನಗಾಗಿಯೇ ತನ್ನನ್ನು ಹಚ್ಚಿಕೊಂಡವರೆಂದರೆ ಈ ಡಾಕ್ಟರಬಾಯಿ ಒಬ್ಬರೇ ಎಂದು ಅವಳ ನಂಬಿಕೆ. ಬಾಯ್ತುಂಬ ತಂಗಿ ಎನ್ನುವ, ಅವಳು ಅತ್ತರೆ ತಾವೂ ಕಣ್ಣೊರೆಸಿಕೊಳ್ಳುವ ಜೀವ.

ಆ ಹೆಮ್ಮೆಯಲ್ಲೇ ಅವಳಿಗೊಂದು ಚೇಷ್ಟೆ ಹೊಳೆಯಿತು.

"ದಿನಾ ನಂದು ನೋಡ್ತೀರಿ. ಇವತ್ತ ನೀವೂ ಕಟ್ಕೋರಿ ಬಾಯಾರ, ನೋಡೂಣು."

ವತ್ಸಲಾ ನಕ್ಕು ಕಟ್ಟಿಕೊಂಡರು. ವೈದ್ಯರ ಮನಸ್ಸು ನೋಡಲೆಂದು ಆ ಯಂತ್ರವನ್ನು ಯಾರೂ ಮಾಡಿರಲಿಲ್ಲ, ಅವರಿಗೂ ಅಳುಕಿರಲಿಲ್ಲ. ಕಸ್ತೂರಿಯ ಕೈ ಹಿಡಿದು ಅಕ್ಕರೆಯಿಂದ ಅವಳನ್ನೇ ನೋಡಿದರು.

ಗಾಜಿನಲ್ಲಿ ಎರಡು ಜಡೆಯ, ಬಾಡಿದ ಮುಖದ ಹುಡುಗಿಯೊಬ್ಬಳು ಮೂಡಿದಳು.

ವತ್ಸಲಾರ ಕೈ ಸಡಿಲವಾಯಿತು. ತಮ್ಮ ತಂಗಿ, ಜ್ವರದಲ್ಲಿ ಹೋದವಳು ಎಂದು ತಡವರಿಸಿದರು. ಮೊದಲ ದಿನದಿಂದಲೂ ಹೀಗೇ ಇತ್ತೇನೋ, ತಮಗೇ ತಿಳಿದಿರಲಿಲ್ಲ ಎಂದರು.

ಕಸ್ತೂರಿ ತನ್ನ ಕೈ ಎಳೆದುಕೊಂಡಳು. ಇಲ್ಲೂ ಅವಳು ಕೂತದ್ದು ಸತ್ತವಳೊಬ್ಬಳ ಜಾಗದಲ್ಲೇ. ಗಂಡನ ಮನೆಯಲ್ಲಾದರೂ ಎಲ್ಲ ಹೇಳಿಯೇ ತಂದಿದ್ದರು. ಈಕೆ ನಂಬಿಸಿ ಕುತ್ತಿಗೆ ಕೊಯ್ದಿದ್ದಳು. ಅವಳು ಪಟ್ಟಿಯನ್ನು ಕಿತ್ತು ತನ್ನ ಹಣೆಗೆ ಬಿಗಿದುಕೊಂಡಳು.

ಅಕ್ಕ ಬರಲಿಲ್ಲ. ಯಾರೂ ಬರಲಿಲ್ಲ. ಗಾಜು ತಿಳಿಯಾಗಿತ್ತು.

"ಈ ಸಿಟ್ಟು ಬ್ಯಾರೆ ಯಾರ ಮ್ಯಾಲಿಂದೂ ಅಲ್ಲ ಬಾಯಾರ. ನಿಮ್ಮ ಮ್ಯಾಲಿಂದು."

ಯಂತ್ರದ ಪ್ರಕಾರ ಅವಳಿಗೆ ಗುಣವಾಗಿತ್ತು. ವತ್ಸಲಾ ತಲೆ ತಗ್ಗಿಸಿ ಅದನ್ನು ಹೇಳಿದರು. ಇನ್ನು ಬರುವ ಅಗತ್ಯವಿಲ್ಲ ಎಂದೂ ಹೇಳಬೇಕಾಯಿತು.

ಕಸ್ತೂರಿ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು.

"ಇಂಥಾದ್ದು ಹೇಳ್ಕೊಂಡು ಅಳಾಕ ನನಗ ನೀವೊಬ್ರ ಇದ್ರಿ," ಎಂದಳು. "ಇನ್ನ ಯಾರ ಮುಂದ ಹೋಗಿ ಅಳ್ಲಿ?"