ಮೂವತ್ತು ಕಿಲೋ ಹಿಡಿತ

"ಒತ್ತಿ. ಇನ್ನೂ ಒತ್ತಿ. ಅಯ್ಯೋ, ಗಟ್ಟಿಯಾಗಿ ಒತ್ರೀ!"

ಅವಳು ಮೇಜಿನ ಮೇಲೆ ಅರ್ಧ ಬಾಗಿ, ಕೆಳತುಟಿ ಕಚ್ಚಿಕೊಂಡು, ಹಿಡಿತ ಅಳೆಯುವ ಯಂತ್ರದ ಮುಳ್ಳನ್ನೇ ನೋಡುತ್ತಿದ್ದಳು. ಅವನು ಅವಳ ತುಟಿಯನ್ನು ನೋಡುತ್ತಿದ್ದ. ಮುಳ್ಳು ಹದಿನಾಲ್ಕು ಕಿಲೋಗೆ ಬಂದು ನಿಂತುಬಿಟ್ಟಿತು.

"ಹದಿನಾಲ್ಕು." ಅವಳ ಮುಖ ಬಾಡಿತು. "ಹೋದ ವಾರಾನೂ ಹದಿನಾಲ್ಕೇ."

"ಏನ್ ಮಾಡ್ಲಿ ಮೇಡಂ, ಅಷ್ಟೇ ಆಗೋದು."

ಸುಳ್ಳು! ಹಸಿ ಹಸಿ ಸುಳ್ಳು. ಆ ಬೆಳಿಗ್ಗೆ ತಾನೇ ಅಡುಗೆಮನೆಯಲ್ಲಿ ಅಕ್ಕನ ಕೈಯಲ್ಲಿ ಬಗ್ಗದ ಜಾಡಿಯ ಮುಚ್ಚಳವನ್ನು ಅದೇ ಬಲಗೈಯಲ್ಲಿ ಒಂದೇ ತಿರುವಿಗೆ ತೆಗೆದಿಟ್ಟು ಬಂದಿದ್ದ ಮಹಾನುಭಾವ.

ಅವನಿಗೆ ಕೆಲಸ ಡಿಕ್ಷನರಿ ಆಫೀಸಿನಲ್ಲಿ. ಇಂಗ್ಲಿಷ್ ಪದಗಳ ಹುಟ್ಟು ಹುಡುಕಿ ಬರೆಯುವುದು. ಅದಕ್ಕೇ ಮನೆಯಲ್ಲೂ ಹೊರಗೂ ಅವನು 'ನಿಘಂಟು'. ನಾಲ್ಕು ತಿಂಗಳ ಹಿಂದೆ ಪುಸ್ತಕದ ಬೀರುವಿನ ಗಾಜು ಒಡೆದು ಅವನ ಅಂಗೈ ಸೀಳಿತ್ತು. ಉಂಗುರ ಬೆರಳು, ಕಿರುಬೆರಳು ಮಡಿಸುವ ಸ್ನಾಯುವಿನ ಹುರಿಗಳೆರಡೂ ತುಂಡಾದವು. ದೊಡ್ಡ ಡಾಕ್ಟರು ಹೊಲಿದು ಕೂಡಿಸಿ, ಮುಂದಿನದ್ದಕ್ಕೆ ಇವಳ ಹತ್ತಿರ ಕಳಿಸಿದರು. ಕೈಗೆ ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಇವಳು. ವಾರಕ್ಕೆರಡು ಸಲ, ಅರ್ಧರ್ಧ ಗಂಟೆ.

ಮೊದಮೊದಲು ಬೆರಳು ಮಡಿಸಿದರೆ ಜೀವ ಹೋಗುವಷ್ಟು ನೋವು. "ಏನಾದ್ರೂ ಮಾತಾಡ್ತಿರಿ, ನೋವು ಗೊತ್ತಾಗಲ್ಲ," ಎಂದಿದ್ದಳು. ಗಾಯವಾದ ದಿನ ಅವನು ಡಿಕ್ಷನರಿಯಲ್ಲಿ ಸಿ-ಎಚ್ ಅಕ್ಷರಗಳಿಂದ ಶುರುವಾಗುವ ಪದಗಳ ಪುಟಗಳಲ್ಲಿದ್ದ. ತಲೆಯಲ್ಲಿದ್ದದ್ದು ಅದೇ.

"ಗ್ರೀಕಲ್ಲಿ ಕೈಗೆ 'ಖೇರ್' ಅಂತಾರೆ. 'ಎರ್ಗಾನ್' ಅಂದ್ರೆ ಕೆಲಸ. ಎರಡೂ ಸೇರಿ, ಸವೆದೂ ಸವೆದೂ 'ಸರ್ಜರಿ' ಆಯ್ತು."

"ಅಂದ್ರೆ ನಮ್ಮ ದೊಡ್ಡ ಡಾಕ್ಟ್ರು ಮಾಡೋದು ಕೈಕೆಲಸ!"

ಅವಳು ನಕ್ಕಳು. ನಕ್ಕಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮೊದಲೇ ಮುಚ್ಚುತ್ತಿತ್ತು. ಕೆಟ್ಟೆ ಎಂದುಕೊಂಡ ಅವನು. ಅಲ್ಲಿಂದ ಮುಂದೆ ಭೇಟಿಗೊಂದು ಪದ.

"ಇವತ್ತು ಬಾವಲಿ," ಎನ್ನುತ್ತಿದ್ದ ಬಾಗಿಲಲ್ಲೇ. "ಅದರ ಗಣದ ಹೆಸರು ಕೈರಾಪ್ಟೆರಾ. ಆ 'ಖೇರ್' ಇಂಗ್ಲಿಷಲ್ಲಿ 'ಕೈರೋ' ಆಗುತ್ತೆ. ಕೈಯೇ ರೆಕ್ಕೆ ಆಗಿರೋದು."

"ಇದನ್ನ ನಾನು ಹೇಳ್ತೀನಿ, ಸುಮ್ನಿರಿ!" ಅವನ ಬೆರಳನ್ನು ಒಂದೊಂದಾಗಿ ಬಿಡಿಸಿ ಹಿಡಿದಳು. "ಈ ಮೂಳೆಗಳು ಉದ್ದಕ್ಕೆ ಬೆಳೆದು, ನಡುವೆ ತೊಗಲು ಬಂದ್ರೆ ಬಾವಲಿ. ನಿಮಗೂ ಅದಕ್ಕೂ ಅಷ್ಟೇ ವ್ಯತ್ಯಾಸ."

ಇನ್ನೊಂದು ದಿನ ಅವಳೇ ಕೇಳಿದಳು. "ಅಲ್ರೀ, ಕೈರೋ ಕೈರೋ ಅಂತೀರಲ್ಲ, ಇದು ನಮ್ಮ 'ಕೈ'ನೇ ತಾನೆ?"

"ಎಲ್ರೂ ಹಾಗೇ ಅಂದ್ಕೋತಾರೆ. ಕೇಳೋಕೆ ಒಂದೇ ಥರ ಇದ್ದ ಮಾತ್ರಕ್ಕೆ ನೆಂಟರಾಗಲ್ಲ ಮೇಡಂ."

"ಥೂ, ಎಷ್ಟು ಚೆನ್ನಾಗಿತ್ತು, ಹಾಳು ಮಾಡಿದ್ರಿ," ಎಂದು ಅವನ ಕಿರುಬೆರಳನ್ನು ಬೇಕೆಂದೇ ತುಸು ಹೆಚ್ಚು ಮಡಿಸಿದಳು.

ಹನ್ನೆರಡನೆಯ ವಾರ ಹಿಡಿತ ಅಳೆಯುವ ಯಂತ್ರ ಬಂತು. "ಮೂವತ್ತು ಕಿಲೋ ಒತ್ತಿ, ಮುಷ್ಟಿ ಪೂರ್ತಿ ಮುಚ್ಚಿದ ದಿನ ನಿಮಗೆ ಡಿಸ್ಚಾರ್ಜ್. ಬೇಗ ತೋರಿಸಿ," ಎಂದಳು ಉತ್ಸಾಹದಿಂದ. ಅವನ ಕಿವಿಗೆ ಬಿದ್ದದ್ದು ಡಿಸ್ಚಾರ್ಜ್ ಒಂದೇ. ಅಂದರೆ ಆಮೇಲೆ ಈ ಕೋಣೆ ಇಲ್ಲ, ಈ ಅರ್ಧ ಗಂಟೆ ಇಲ್ಲ. ಅವತ್ತೇ ಶುರುವಾಯಿತು ಕಳ್ಳಾಟ. ಒತ್ತುವಾಗ ಮೊಣಕೈ ಬಿಗಿದು, ಅಂಗೈ ಸಡಿಲ ಬಿಡುವುದು. ಮುಷ್ಟಿ ಕಟ್ಟುವಾಗ ಎರಡು ಬೆರಳನ್ನು ನಡುದಾರಿಯಲ್ಲೇ ನಿಲ್ಲಿಸುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆರು ವಾರ ಕಳೆದವು.

ಸುಖವಾಗಿದ್ದನೇ? ಎಲ್ಲಿಯ ಸುಖ! ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಸೋಮವಾರ ಮುಗಿದರೆ ಗುರುವಾರ ಯಾವಾಗ ಎಂದು ಚಡಪಡಿಕೆ. ಗುರುವಾರ ಬಂದರೆ ಗಡಿಯಾರ ಯಾಕಿಷ್ಟು ಓಡುತ್ತದೆ ಎಂದು ಸಂಕಟ. ಜೊತೆಗೆ ಪದಗಳೂ ಮುಗಿಯುತ್ತ ಬಂದಿದ್ದವು. ಕೈಯಿಂದ ಬೆನ್ನು ಸರಿಮಾಡುವ ಕೈರೋಪ್ರಾಕ್ಟರ್ ಆಯಿತು, ಹೆಸರಲ್ಲಿ ಕೈ ಇಟ್ಟುಕೊಂಡು ಬರೀ ಕಾಲು ನೋಡುವ ಕೈರಾಪಡಿ ಆಯಿತು, ಕೈಬರಹದ ಕೈರಾಗ್ರಫಿ ಆಯಿತು. ಅಂಗೈ ನೋಡಿ ಭವಿಷ್ಯ ಹೇಳುವ ಕೈರೋಮ್ಯಾನ್ಸಿ ಹೇಳಿದ ದಿನ ಅವಳು ಅವನ ಗಾಯದ ಗೆರೆಯನ್ನು ಬೆರಳಲ್ಲಿ ಸವರಿ, "ಹಳೇ ಗೆರೆ ಎಲ್ಲಾ ಕ್ಯಾನ್ಸಲ್. ಇನ್ನೇನಿದ್ರೂ ಈ ಹೊಸದೇ," ಎಂದಿದ್ದಳು. ಆ ಒಂದು ಮಾತಿಗೆ ಅವನು ಎರಡು ದಿನ ಕೆಲಸ ಮಾಡಿರಲಿಲ್ಲ.

ಕೊನೆಯಲ್ಲಿ ಉಳಿದದ್ದು ಕೈರಾಲಿಟಿ.

"ನಿಮ್ಮ ಎಡಗೈ ಕೊಡಿ," ಎಂದ. ತನ್ನ ಬಲ ಅಂಗೈಯನ್ನು ಎದುರಿಗೆ ಹಿಡಿದ. ಎರಡೂ ಕೂಡಿದವು, ಹೆಬ್ಬೆರಳಿಗೆ ಹೆಬ್ಬೆರಳು, ಕಿರುಬೆರಳಿಗೆ ಕಿರುಬೆರಳು. "ಈಗ ಬಲಗೈ." ಬಲಕ್ಕೆ ಬಲ ಇಟ್ಟರೆ ಹೆಬ್ಬೆರಳು ಕಿರುಬೆರಳಿನ ಕಡೆ ಹೋಯಿತು. "ನೋಡಿದ್ರಾ? ಆಕಾರ ಒಂದೇ, ಆದ್ರೂ ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಕನ್ನಡಿ ಒಳಗೊಂದು, ಹೊರಗೊಂದು. ಅದೇ ಕೈರಾಲಿಟಿ."

"ಮತ್ತೆ ಕೈ ಕುಲುಕುವಾಗ ಬಲಗೈಗೆ ಬಲಗೈನೇ ಅಲ್ವಾ?"

"ಅದು ಹಿಡ್ಕೊಳ್ಳೋದು. ಅದು ಬೇರೆ."

ಇಬ್ಬರೂ ಕೈ ತೆಗೆಯಲಿಲ್ಲ. ಅವಳು ಇದ್ದಕ್ಕಿದ್ದಂತೆ ಬೆಂಕಿ ತಾಗಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. "ಟೈಮ್ ಆಯ್ತು," ಎಂದು ಬೇಸಿನ್ನಿಗೆ ಹೋಗಿ ಕೈ ತೊಳೆಯತೊಡಗಿದಳು. ತೊಳೆದಳು, ತೊಳೆದಳು, ತಿರುಗಿ ನೋಡಲೇ ಇಲ್ಲ. ಅಸಹ್ಯ ಆಯಿತೇನೋ ಎಂದು ಅವನು ಕುಗ್ಗಿಹೋದ.

ಮುಂದಿನ ಸೋಮವಾರವೇ ಆ ಹದಿನಾಲ್ಕು ಕಿಲೋ. ಅವಳು ಫೈಲು ಹಿಡಿದು ಎದ್ದಳು. "ಸರ್‌ಗೆ ತೋರಿಸ್ತೀನಿ. ನಾನು ಮಡಿಸಿದ್ರೆ ಬೆರಳು ಮಡಚ್ಕೊಳ್ಳುತ್ತೆ, ನೀವಾಗೇ ಮಡಿಸಿದ್ರೆ ನಿಲ್ಲುತ್ತೆ. ಹುರಿ ಎಲ್ಲೋ ಅಂಟ್ಕೊಂಡಿದೆ ಅನ್ಸುತ್ತೆ."

ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ದೊಡ್ಡ ಡಾಕ್ಟರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಮತ್ತೆ ಕುಯ್ದು ಬಿಡಿಸ್ಬೇಕು. ಗುರುವಾರ ಬೆಳಿಗ್ಗೆ ಹಾಕಿ. ನಾನು ಹೊಲಿದಿದ್ದು ಚೆನ್ನಾಗೇ ಇತ್ತು. ಆರು ವಾರ ಏನ್ ಮಾಡ್ತಿದ್ರಿ ನೀವು? ಮಾತಾಡ್ತಾ ಕೂತಿದ್ರಾ?"

ಆಮೇಲೆ ಅವಳ ದನಿ. "ನನ್ನದೇ ತಪ್ಪು ಸರ್. ಇನ್ನೂ ಗಟ್ಟಿಯಾಗಿ ಮಾಡಿಸ್ಬೇಕಿತ್ತು."

ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಅವಳು ಹೊರಬಂದಾಗ ಕಣ್ಣು ಕೆಂಪಾಗಿತ್ತು. "ಗುರುವಾರ ಆಪರೇಷನ್. ಸಾರಿ," ಎಂದಳು. ನಿಜ ಹೇಳಿಬಿಡಲೇ ಎಂದುಕೊಂಡ ಅವನು. ಹೇಳಿದರೆ ಸುಳ್ಳುಗಾರ, ಇನ್ನೆಂದೂ ಮುಖ ನೋಡಲಾರಳು. ಹೇಳದಿದ್ದರೆ ಚೆನ್ನಾಗಿರುವ ಕೈಗೆ ಕತ್ತರಿ, ಅವಳ ಹೆಸರಿಗೆ ಮಸಿ. ತಲೆಯಾಡಿಸಿ ಬಂದುಬಿಟ್ಟ ಹೇಡಿ!

ಮನೆಯಲ್ಲಿ ಅಕ್ಕ ಜಾಡಿ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಮದುವೆಯಾಗದ ತಮ್ಮನನ್ನು ಅಮ್ಮನ ಸಮಕ್ಕೆ ಸಾಕಿದವಳು. ಅವಳ ಕಣ್ಣು ತಪ್ಪಿಸುವುದು ಕಷ್ಟ.

"ಈ ಮುಚ್ಚಳ ತೆಗ್ದೋರು ಯಾರೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಬಲಗೈ ತಾನಾಗಿಯೇ ಜೇಬು ಸೇರಿತು. ಅಷ್ಟೇ ಸಾಕಾಯಿತು. ಅಕ್ಕ ಐದೇ ನಿಮಿಷದಲ್ಲಿ ಎಲ್ಲವನ್ನೂ ಬಾಯಿ ಬಿಡಿಸಿದಳು. ಮೊದಲು ನಕ್ಕಳು. ಡಾಕ್ಟರು ಬೈದ ಮಾತಿಗೆ ಬಂದಾಗ ನಗು ನಿಂತಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲೋ. ಆ ಹುಡುಗಿ ನಿನ್ನ ಸುಳ್ಳಿಗೆ ಬೈಸ್ಕೊಂಡಳು. ಇದಾ ನಿನ್ನ ಪ್ರೀತಿ?"

"ಹೇಳಿದ್ರೆ ಅವಳು ಸಿಗಲ್ಲ ಕಣಕ್ಕಾ."

"ಈಗೇನು ಸಿಕ್ಕಿದಾಳಾ? ನಿನ್ನ ಬೆರಳು ಹಿಡ್ಕೊಂಡಿದಾಳೆ, ಅಷ್ಟೇ. ಹೋಗಿ ಹೇಳು. ಸಿಗದಿದ್ರೆ ಸಿಗಲ್ಲ. ಮಾಡಿದ್ದುಣ್ಣೋ ಮಹಾರಾಯ."

ಮರುದಿನ ಬೆಳಿಗ್ಗೆ ಆಸ್ಪತ್ರೆ ತೆರೆಯುವ ಮೊದಲೇ ಅವನು ಬಾಗಿಲಲ್ಲಿದ್ದ. ಅವಳು ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದಳು.

"ಇವತ್ತು ನಿಮ್ಮ ದಿನ ಅಲ್ವಲ್ಲ?"

"ಒಂದ್ಸಲ ಅಳೀರಿ. ದಯವಿಟ್ಟು."

ಯಂತ್ರ ಕೈಗೆ ಬಂತು. ಅವನು ಒತ್ತಿದ. ಮುಳ್ಳು ಹದಿನಾಲ್ಕು ದಾಟಿತು, ಇಪ್ಪತ್ತು ದಾಟಿತು, ಮೂವತ್ಮೂರಕ್ಕೆ ಹೋಗಿ ನಿಂತಿತು. ಆಮೇಲೆ ಯಂತ್ರ ಕೆಳಗಿಟ್ಟು ಮುಷ್ಟಿ ಕಟ್ಟಿದ. ಐದು ಬೆರಳೂ ಅಂಗೈಗೆ ಅಂಟಿಕೊಂಡವು.

"ಈ ಯಂತ್ರ ತಂದ ದಿನದಿಂದಲೂ ಬರ್ತಿತ್ತು. ಬೇಕಂತಲೇ ಒತ್ತಲಿಲ್ಲ. ಡಿಸ್ಚಾರ್ಜ್ ಆದ್ರೆ ನಿಮ್ಮನ್ನ ನೋಡೋಕಾಗಲ್ಲ ಅಂತ. ನನಗೆ ನಿಮ್ಮನ್ನ ಬಿಟ್ಟಿರೋಕಾಗ್ತಿಲ್ಲ. ತಪ್ಪು ನಂದು, ಡಾಕ್ಟ್ರಿಗೂ ನಾನೇ ಹೇಳ್ತೀನಿ."

ಅವಳು ಫೈಲು ತೆಗೆದು ಮೂವತ್ಮೂರು ಎಂದು ಬರೆದಳು. ಪೆನ್ನು ಕಾಗದ ಹರಿಯುವಷ್ಟು ಒತ್ತಿತ್ತು. ಫೋನೆತ್ತಿ ಗುರುವಾರದ ಆಪರೇಷನ್ ರದ್ದು ಮಾಡಿಸಿದಳು. ಇನ್ನೊಂದು ಕಾಗದ ಅವನ ಮುಂದೆ ತಳ್ಳಿದಳು.

"ಸೈನ್ ಹಾಕಿ. ಡಿಸ್ಚಾರ್ಜ್. ಸರ್‌ಗೆ ಹೇಳಿ ಹೊರಡಿ."

"ಮೇಡಂ..."

"ಹೊರಡಿ ಅಂದೆ."

ದೊಡ್ಡ ಡಾಕ್ಟರು ಕೂಗಾಡಿದ್ದು ಮೂರು ಕೋಣೆಗೆ ಕೇಳಿಸಿತು. ಅದು ಅವನಿಗೆ ನೋಯಲಿಲ್ಲ. ನೋಯುತ್ತಿದ್ದದ್ದು ಬೇರೆ. ಆಸ್ಪತ್ರೆ ಎದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತ. ಬಸ್ಸುಗಳು ಬಂದವು, ಹೋದವು. ಏಳಬೇಕು ಎಂದುಕೊಳ್ಳುವುದು, ಮತ್ತೆ ಕೂರುವುದು. ಹೀಗೇ ಮಧ್ಯಾಹ್ನವಾಯಿತು. ಗುರುವಾರ ಖಾಲಿ, ಸೋಮವಾರ ಖಾಲಿ.

"ಇನ್ನೂ ಇಲ್ಲೇ ಇದೀರಾ?"

ಅವಳು ಎದುರಿಗೆ ನಿಂತಿದ್ದಳು. ಮೈಮೇಲೆ ಬಿಳಿ ಕೋಟಿರಲಿಲ್ಲ. ಕೋಟಿಲ್ಲದೆ ಅವಳನ್ನು ಅವನು ನೋಡಿದ್ದು ಅದೇ ಮೊದಲು. ಹಳದಿ ಅಂಗಿ, ಒಂದು ತೋಳು ಮಡಿಸಿದ್ದು, ಇನ್ನೊಂದು ಮಡಿಸಿಲ್ಲ.

"ಬೈಯೋಕೆ ಬಂದೆ," ಎಂದಳು. "ಒಳಗೆ ಪೇಷೆಂಟ್‌ನ ಬೈಯೋ ಹಾಗಿಲ್ಲ. ನಿನ್ನೆ ನಾನು ಮನೆಗೆ ಹೋಗಿ ಅತ್ತಿದೀನಿ, ಗೊತ್ತಾ? ಹತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಒಂದು ಕೈ ನೆಟ್ಟಗೆ ಮಾಡೋಕಾಗ್ಲಿಲ್ಲ ಅಂತ. ಆ ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು! ದಡ್ಡ! ಕತ್ತೆ!"

"ಹೌದು," ಎಂದ.

"ಹೌದು ಅಂತೆ! ಪ್ರತಿ ವಾರ ಆ ಮುಳ್ಳಿನ ಮುಂದೆ ನಾನು ಉಸಿರು ಬಿಗಿ ಹಿಡಿದು ಯಾಕೆ ನಿಲ್ತಿದ್ದೆ ಅಂದ್ಕೊಂಡ್ರಿ? ಯಾವ ಪೇಷೆಂಟ್‌ಗೆ ಹಾಗೆ ನಿಲ್ತೀನಿ ನಾನು? ಪೇಷೆಂಟ್ ಆಗಿರೋತನಕ ನಾನು ಬಾಯಿ ಬಿಡೋ ಹಾಗಿಲ್ಲ. ಅದು ನಮ್ಮ ಕೆಲಸದ ನಿಯಮ. ಮೂವತ್ತು ಬರ್ಲಿ, ಆ ಕಾಗದಕ್ಕೆ ಸೈನ್ ಆಗ್ಲಿ, ಅವತ್ತೇ ಹೇಳಿಬಿಡ್ತೀನಿ ಅಂತ ಆರು ವಾರದಿಂದ ಕಾಯ್ತಿದೀನಿ. ನೀವು ನೋಡಿದ್ರೆ ಒತ್ತದೇ ಕೂತಿದೀರಿ!"

ಅವನಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದಾಗ ಮುಖಕ್ಕೆ ರಕ್ತ ನುಗ್ಗಿತು. ಅವಳನ್ನು ಕಳೆದುಕೊಳ್ಳಬಾರದೆಂದು ಅವನು ಹಿಡಿದು ನಿಲ್ಲಿಸಿದ್ದ ಒಂದೊಂದು ವಾರವೂ ಅವಳ ಬಾಯಿ ಮುಚ್ಚಿಸಿದ ವಾರ.

"ಅವತ್ತು ಅಷ್ಟು ಹೊತ್ತು ಕೈ ತೊಳೆದಿದ್ದು..."

"ನಿಮ್ಮ ಕಡೆ ತಿರುಗಿದ್ರೆ ಮುಖದಲ್ಲೇ ಗೊತ್ತಾಗ್ತಿತ್ತು."

"ಏನು ಹೇಳ್ಬೇಕು ಅಂತಿದ್ರಿ?"

"ಈಗ ಹೇಳಲ್ಲ. ಈಗ ಸಿಟ್ಟು ಬಂದಿದೆ." ಎಡಗಣ್ಣು ಮಾತ್ರ ಆಗಲೇ ಅರ್ಧ ಮುಚ್ಚಿತ್ತು. "ನನಗೆ ಊಟಕ್ಕೆ ಇರೋದೇ ನಲವತ್ತು ನಿಮಿಷ. ಹತ್ತು ನಿಮಿಷ ಬೈದಿದ್ದಾಯ್ತು. ಬರ್ತೀರಾ, ಇಲ್ಲಾ ಇದಕ್ಕೂ ಆರು ವಾರ ಬೇಕಾ?"

ಅವನು ಎದ್ದ ರಭಸಕ್ಕೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಅಜ್ಜ ಬೆಚ್ಚಿಬಿದ್ದರು. ಇಬ್ಬರೂ ರಸ್ತೆ ದಾಟಿದರು. ನಡುವೆ ಒಂದು ಬಸ್ಸು ಬಂದಾಗ ಅವಳು ಅವನ ಕೈ ಹಿಡಿದು ಹಿಂದಕ್ಕೆಳೆದಳು. ಬಸ್ಸು ಹೋಯಿತು. ಅವಳು ಬಿಡಲಿಲ್ಲ.