ಪಾಠಕ್ಕಿಟ್ಟ ದುಃಖ

ಹಸಿರು ಬೆಳಕಿನ ಚುಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಿತ್ತು. ಡಾ. ಪ್ರಭಾವತಿ ಅಂಗಡಿಯವರ ಕಣ್ಣುಗಳು ಅದರ ಬೆನ್ನು ಹತ್ತಿದ್ದವು. ಅವರ ಮುಖದೆದುರು ಅರ್ಧಚಂದ್ರಾಕಾರದ ಗಾಜಿನ ಪಟ್ಟಿ. ಅದರ ಮೇಲೆ ಎಲ್ಲರಿಗೂ ಕಾಣುವಂತೆ, ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದು ತೋರಿಸುವ ವೇದನಾಂಕದ ಫಲಕ. ಧಾರವಾಡದ ಹೊರವಲಯದ ಆ ತರಬೇತಿ ಕೇಂದ್ರಕ್ಕೆ ಹೊಸದಾಗಿ ಬಂದ ತಂಡದವರು ಉಸಿರು ಬಿಗಿಹಿಡಿದು ಫಲಕವನ್ನೇ ನೋಡುತ್ತಿದ್ದರು. ಮೇಡಂ ತಮ್ಮನ ಸಾವನ್ನು ನೆನೆಯುತ್ತಾರೆ, ಅಂಕ ಒಂಬತ್ತಕ್ಕೇರುತ್ತದೆ, ನೋಡನೋಡುತ್ತಿದ್ದಂತೆ ಇಳಿಯುತ್ತದೆ ಎಂದು ಮೊದಮೊದಲ ತಂಡಗಳವರು ಅವರ ಕಿವಿ ತುಂಬಿದ್ದರು. ಇಂದು ನೆನೆಯುವ ಮೊದಲೂ ಸೊನ್ನೆ, ನೆನೆದ ಮೇಲೂ ಸೊನ್ನೆ.

"ಮಷೀನ್ ಕೆಟ್ಟೈತೇನ್ರಿ ಮೇಡಂ?" ಎಂದಳು ಯಂತ್ರದ ಬಳಿ ನಿಂತಿದ್ದ ಶಿಷ್ಯೆ.

"ಕೆಟ್ಟಿಲ್ಲವ್ವಾ. ನಾನ ಗಟ್ಟಿ ಆಗೇನಿ," ಎಂದು ಪ್ರಭಾವತಿ ನಕ್ಕರು. ಎಲ್ಲರೂ ನಕ್ಕರು. ಯಂತ್ರಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಬೇಕೇ ಎಂದು ಪ್ರಭಾವತಿಯವರಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಯಂತ್ರದ ಹೆಸರು ನಯನಸಾರಥಿ. ಅದು ಬರುವ ಮೊದಲೂ ಕಣ್ಚಲನ ಚಿಕಿತ್ಸೆ ಇತ್ತು. ಆಘಾತಕ್ಕೆ ಒಳಗಾದವರನ್ನು ಎದುರಿಗೆ ಕೂರಿಸಿಕೊಂಡು, ಆ ಕೆಟ್ಟ ಗಳಿಗೆಯನ್ನು ನೆನೆಯಲು ಹೇಳಿ, ಚಿಕಿತ್ಸಕರು ತಮ್ಮ ಎರಡು ಬೆರಳುಗಳನ್ನು ಅವರ ಕಣ್ಣೆದುರು ಅತ್ತಿತ್ತ ಆಡಿಸುತ್ತಿದ್ದರು. ಕಣ್ಣು ಬೆರಳಿನ ಹಿಂದೆ ಓಡಾಡುತ್ತಿದ್ದಂತೆ ನೆನಪಿನ ಮೊನೆ ಮೊಂಡಾಗುತ್ತಿತ್ತು. ಆದರೆ ಕೈ ಸೋಲುತ್ತಿತ್ತು, ವೇಗ ತಪ್ಪುತ್ತಿತ್ತು, ಒಬ್ಬೊಬ್ಬರಿಗೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ನಯನಸಾರಥಿಯಾದರೋ ಕಣ್ಣಿನ ಪಾಪೆಯ ಅಗಲವನ್ನೂ ರೆಪ್ಪೆಯ ನಡುಕವನ್ನೂ ಅಳೆದು, ಅವರವರ ಮಿದುಳಿಗೆ ಒಗ್ಗುವ ವೇಗದಲ್ಲಿ ಬೆಳಕನ್ನು ಓಡಿಸುತ್ತದೆ. ಒಂದೇ ಸಲ ಕೂತೆದ್ದರೆ ರೋಗಿಗೆ ಸಾಕಾಗುವಷ್ಟು ನೋವು ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ ರೋಗಿ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ಮನಸ್ಸಿನಲ್ಲೇ ನೆನೆದರೆ ಸಾಕು.

ಈ ವಿದ್ಯೆ ಕಲಿಯುವವರು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕೆಂಬುದು ಬೆರಳಿನ ಕಾಲದಿಂದಲೂ ಬಂದ ಪದ್ಧತಿ. ಅಭ್ಯಾಸಕ್ಕೆ ತರುವ ನೆನಪು ನಿಜದ್ದಾಗಿರಬೇಕು, ಆದರೆ ಸಣ್ಣದಾಗಿರಬೇಕು: ನಾಯಿ ಕಚ್ಚಿದ್ದು, ಪರೀಕ್ಷೆಯಲ್ಲಿ ನಪಾಸಾದದ್ದು, ಮದುವೆ ಮನೆಯಲ್ಲಿ ಯಾರೋ ಚುಚ್ಚಿ ಮಾತಾಡಿದ್ದು. ಪ್ರತಿ ತಂಡಕ್ಕೂ ಈ ನಿಯಮವನ್ನು ಒತ್ತಿ ಹೇಳುತ್ತಿದ್ದ ಪ್ರಭಾವತಿ ತಾವು ಮಾತ್ರ ಅದನ್ನು ಗಾಳಿಗೆ ತೂರಿದ್ದರು. ನಾಯಿ ಕಚ್ಚಿದ ನೆನಪು ಮೂರರಿಂದ ಎರಡಕ್ಕೆ ಇಳಿದರೆ ಯಾರು ನಂಬುತ್ತಾರೆ? ದೊಡ್ಡದನ್ನೇ ಇಳಿಸಿ ತೋರಿಸಿದರೆ ತಾನೇ ಕಲಿಯುವವರಿಗೆ ಧೈರ್ಯ? ಹೀಗೆಂದುಕೊಂಡು ತಂಡದ ಮೇಲೆ ತಂಡಕ್ಕೆ ತಮ್ಮ ಸಂಗಮೇಶನ ಸಾವನ್ನೇ ಪಾಠಕ್ಕಿಟ್ಟರು. ಅಂಕ ತಂಡದಿಂದ ತಂಡಕ್ಕೆ ತಗ್ಗುತ್ತ ಬಂದಿತ್ತು.

ಯಾರಿಗೂ ಹೇಳದ ಇನ್ನೊಂದು ಕಾರಣವೂ ಇತ್ತು. ಬೈಪಾಸಿನಲ್ಲಿ ಲಾರಿ ಬಂದು ಅವರ ಕಾರಿಗೆ ಗುದ್ದಿದಾಗ ಅಕ್ಕ ತಮ್ಮ ಇಬ್ಬರೇ ಇದ್ದರು. ಆಂಬುಲೆನ್ಸ್ ಬರುವ ತನಕ ಅವನ ತಲೆ ಅಕ್ಕನ ತೊಡೆಯ ಮೇಲಿತ್ತು. ಅವನು ಏನೋ ಹೇಳಿ ಕಣ್ಣು ಮುಚ್ಚಿದ. ಆ ಮಾತು ಕೇಳಿದವರು ಪ್ರಭಾವತಿಯೊಬ್ಬರೇ. ಸಂಗಮೇಶನ ಹೆಂಡತಿ ಮಹಾನಂದಾ ಕೇಳಿದಾಗಲೆಲ್ಲ ಅವರಿಗೆ ಅಳು ಒತ್ತರಿಸಿ ಬರುತ್ತಿತ್ತು. ಅಳದೆ ಹೇಳುವ ಶಕ್ತಿ ಬಂದ ದಿನ ಹೇಳುತ್ತೇನೆ ಎಂದಿದ್ದರು. ಆ ಶಕ್ತಿಗಾಗಿಯೇ ಮತ್ತೆ ಮತ್ತೆ ಯಂತ್ರದ ಮುಂದೆ ಕೂರುತ್ತಿದ್ದರು. ಮಹಾನಂದಾ ಆಮೇಲೆ ಕೇಳುವುದನ್ನೇ ಬಿಟ್ಟಿದ್ದಳು.

ಅಂಕ ಸೊನ್ನೆಗೆ ನಿಂತ ಆ ದಿನವೇ ಮಧ್ಯಾಹ್ನ ಅವಳು ಕೇಂದ್ರಕ್ಕೆ ಬಂದಳು. ಶಾಲೆಯಿಂದ ನೇರವಾಗಿ ಬಂದಂತಿತ್ತು. ಸೀರೆಯ ಸೆರಗಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು.

"ಅಕ್ಕಾರ, ಮಗಳ ಲಗ್ನ ನಿಶ್ಚೇ ಆತ್ರಿ," ಎಂದಳು. "ಅಕಿದೊಂದ ಹಠ. ಅಪ್ಪ ಕಡೀಕ ಏನಂದಾ, ಅತ್ತೀನ್ನ ಕೇಳ್ಕೊಂಡು ಬಾ ಅಂತಾಳ. ನಿಮಗ ಕಾಡಬಾರದಂತ ಸುಮ್ಮನಿದ್ದೆ. ಇನ್ನ ನೀವ ಹೇಳ್ರಿ."

"ಕುಂದ್ರು ಮಹಾನಂದಾ. ಈಗ ಹೇಳ್ತೇನಿ. ಈಗ ನನಗ ಅಳು ಬರೂದಿಲ್ಲ."

ಪ್ರಭಾವತಿ ಸಲೀಸಾಗಿ ಹೇಳತೊಡಗಿದರು. ರಸ್ತೆ ಹೇಳಿದರು, ಒಡೆದ ಗಾಜು ಹೇಳಿದರು, ಅವನ ಕೈ ತಣ್ಣಗಿದ್ದುದನ್ನು ಹೇಳಿದರು. ದನಿ ಎಲ್ಲೂ ನಡುಗಲಿಲ್ಲ. ಅವನ ತುಟಿ ಅಲುಗಿತು ಎಂಬಲ್ಲಿಗೆ ಬಂದು ನಿಂತರು. ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ನೆನೆದರು. ರಸ್ತೆ, ಗಾಜು, ತುಟಿ. ಅಷ್ಟೇ. "ಒಂದ ನಿಮಿಷ ಬಂದೆ," ಎಂದು ಎದ್ದು ಪಕ್ಕದ ಪ್ರಯೋಗಶಾಲೆಗೆ ಧಾವಿಸಿದರು.

ಅಲ್ಲಿ ನಯನಸಾರಥಿಯನ್ನು ಕಟ್ಟಿದ ವಿದ್ಯಾಧರ ಜಾಲಿಹಾಳ ಡಬ್ಬಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ.

"ನಿಮ್ಮ ಯಂತ್ರ ನೋವು ತಗೀತೈತಿ ಅಂದಿದ್ರಿ. ಮಾತೂ ತಗೀತೈತಿ ಅಂತ ಹೇಳಿರಲಿಲ್ಲಲ್ಲ ವಿದ್ಯಾಧರ?"

ವಿಷಯ ಕೇಳಿ ಅವನು ತುತ್ತು ಕೆಳಗಿಟ್ಟ. "ನೆನಪು ಹೊರಗ ತಗದಾಗೊಮ್ಮೆ ಮೆತ್ತಗ ಆಗ್ತೈತ್ರಿ ಮೇಡಂ. ಒಳಗ ಇಡೂ ಮುಂದ ಮಿದುಳು ಅದನ್ನ ಹೊಸದಾಗಿ ಕಟ್ಟಿ ಇಡ್ತೈತಿ. ಒಮ್ಮೆ ಮಾಡಿದ್ರ ನೋವಷ್ಟ ಇಳೀತೈತಿ. ಸೀರಿ ಮ್ಯಾಲಿನ ಕಲೆ ಒಮ್ಮೆ ತಿಕ್ಕಿದ್ರ ಕಲೆ ಹೋಗ್ತೈತಿ. ಅದ ಜಾಗಾ ತಿಕ್ಕಕೋತ ಕುಂತ್ರ ಬಣ್ಣಾನೂ ಉಳಿಯೂದಿಲ್ಲ. ರೋಗಿಗಳಿಗೆ ಒಮ್ಮೆ ಅಷ್ಟ ಮಾಡ್ತೀವಿ. ನೀವು ತಂಡಕ್ಕೊಮ್ಮೆ ಮಾಡಿಸ್ಕೊಂಡ್ರಿ."

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ನಮಗೂ ಗೊತ್ತಿರಲಿಲ್ರಿ. ರೋಗಿಗಳ ಮ್ಯಾಲೆ ಎಲ್ಲಾ ಪರೀಕ್ಷಾ ಮಾಡಿದ್ವಿ. ಕಲಿಸೋರ ಮ್ಯಾಲೆ ಮಾಡಬೇಕಂತ ಹೊಳೀಲೇ ಇಲ್ಲ." ಅವನು ತಲೆ ತಗ್ಗಿಸಿದ. "ಪಾಠದಾಗ ಯಾರಿಗರ ಬಾಯಿಬಿಟ್ಟು ಹೇಳಿದ್ರೇನ್ರಿ? ಹಂಗಿದ್ರ ಅವರನ್ನ ಕೇಳಬಹುದು."

ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂಬುದೇ ಆ ಯಂತ್ರದ ಹೆಚ್ಚುಗಾರಿಕೆಯಾಗಿತ್ತಲ್ಲ! ಅಷ್ಟು ಜನ ಶಿಷ್ಯರು ಎದುರಿಗೆ ಕೂತು ಅಂಕ ಇಳಿಯುವುದನ್ನು ಕಂಡಿದ್ದರು. ಒಬ್ಬರೂ ಒಂದು ಮಾತನ್ನೂ ಕೇಳಿರಲಿಲ್ಲ. ಅಳುತ್ತಲೇ ಆದರೂ ಅಂದೇ ಮಹಾನಂದಾಳಿಗೆ ಹೇಳಿಬಿಟ್ಟಿದ್ದರೆ ಆ ಮಾತು ಇಂದು ಅವಳ ಬಳಿಯಾದರೂ ಇರುತ್ತಿತ್ತು. ಅಳುವುದಕ್ಕೆ ನಾಚಿಕೊಂಡು ಎಂಥ ಕೆಲಸ ಮಾಡಿಕೊಂಡೆ ಎಂದು ಪ್ರಭಾವತಿ ಹಣೆ ಚಚ್ಚಿಕೊಂಡರು. ಆಗಲೂ ಕಣ್ಣು ಒದ್ದೆಯಾಗಲಿಲ್ಲ.

ಕೋಣೆಗೆ ಮರಳುವಾಗ ಅವರೊಂದು ನಿರ್ಧಾರಕ್ಕೆ ಬಂದಿದ್ದರು. ಲಗ್ನದ ಮನೆಗೆ ಒಂದು ಒಳ್ಳೆಯ ಮಾತು ಹೋಗಲಿ, ಯಾರಿಗೇನು ನಷ್ಟ?

"ನಿನ್ನ ಹೆಸರು ತಗೊಂಡ," ಎಂದರು. "ಮಹಾನಂದಾ, ಮಗಳನ್ನ ಚಂದಂಗ ನೋಡ್ಕೋ ಅಂದ."

ಮಹಾನಂದಾ ಅಲ್ಲವೆಂಬಂತೆ ತಲೆಯಾಡಿಸಿದಳು.

"ಅವರು ನನಗ ಹೆಸರು ಹಿಡದು ಯಾವಾಗ ಕರದಾರ್ರಿ ಅಕ್ಕಾರ? ನೌಕರಿ ಸಿಕ್ಕ ದಿನದಿಂದ ಟೀಚರಮ್ಮಾ ಅಂತ ಕಾಡಸ್ತಿದ್ರು. ಸಿಟ್ಟು ಬಂದ್ರ 'ಏ' ಅಂತಿದ್ರು. ಜೀವ ಹೋಗೂ ಮುಂದ ಹೆಸರು ಹಿಡೀತಾರೇನು?"

ಇನ್ನು ಮುಚ್ಚಿಡುವುದು ಪ್ರಭಾವತಿಯವರಿಂದ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಪಾಠ, ಯಂತ್ರ, ಸೊನ್ನೆ. ಬೈದರೂ ಸೈ ಎಂದು ಕಾದು ಕೂತರು.

ಮಹಾನಂದಾ ಬೈಯಲಿಲ್ಲ. "ನೀವು ಹೇಳಲಿಕ್ಕಾಗದ ಅಳ್ತಿದ್ರಲ್ರಿ," ಎಂದಳು ಮೆಲ್ಲಗೆ, "ಅದ ನನಗೊಂದು ಆಧಾರ ಆಗಿತ್ತು. ಮಾತು ಸಿಗದಿದ್ರ ಸಿಗವಲ್ದು, ಅವರಿಗಾಗಿ ಅಳಾಕ ಇನ್ನೊಂದು ಜೀವ ಐತಿ ಅಂತಿದ್ದೆ." ಅಷ್ಟು ಹೇಳುವುದರಲ್ಲಿ ಅವಳ ದುಃಖದ ಕಟ್ಟೆ ಒಡೆಯಿತು. ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಪ್ರಭಾವತಿ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಜೊತೆಗೆ ಅಳಬೇಕೆಂದು ಅವರಿಗೆ ತುಂಬ ಆಸೆಯಾಯಿತು. ಎದೆಯೊಳಗೆ ಹುಡುಕಿದರು, ಅಳು ಉಕ್ಕಿಸುವಂಥದ್ದು ಏನೂ ಸಿಗಲಿಲ್ಲ. ಏನು ಮಾಡಬೇಕೆಂದು ತೋಚದೆ, ಇಷ್ಟು ವರ್ಷಗಳ ರೂಢಿಯಿಂದ ಅವರ ಬಲಗೈ ತಾನಾಗಿಯೇ ಮೇಲೆದ್ದಿತು. ಎರಡು ಬೆರಳುಗಳು ಮಹಾನಂದಾಳ ಒದ್ದೆಗಣ್ಣುಗಳ ಮುಂದೆ ಅತ್ತಿತ್ತ ಆಡತೊಡಗಿದವು.

ಮಹಾನಂದಾ ಆ ಬೆರಳುಗಳನ್ನು ಮುಷ್ಟಿಯಲ್ಲಿ ಹಿಡಿದು ಮೆತ್ತಗೆ ಕೆಳಗಿಳಿಸಿದಳು.

"ಬ್ಯಾಡ್ರಿ ಅಕ್ಕಾರ. ನಂದು ಹಿಂಗ ಇರಲಿ ಬಿಡ್ರಿ. ನಮ್ಮಿಬ್ಬರೊಳಗ ಒಬ್ಬರಿಗರ ಇರಬೇಕಲ್ರಿ."